ಕಣದ ಆಳು

ನಮ್ಮ ಮನೆಯವರಿಗೆ ಕಾಯಿಲೆ ಯಾವುದು, ದುಡಿಮೆ ಯಾವುದು ಎಂದು ಕೊನೆಯವರೆಗೂ ಗೊತ್ತಾಗಲಿಲ್ಲ. ಕೂತವರೆಲ್ಲ ಸೋಮಾರಿಗಳು, ಓಡಾಡುವವರೆಲ್ಲ ಕೆಲಸಗಾರರು, ಇಷ್ಟೇ ಅವರಿಗೆ ಮನುಷ್ಯರ ಬಗ್ಗೆ ತಿಳಿದಿದ್ದ ವಿದ್ಯೆ. ಜ್ವರ ಬಂದು ಮಲಗಿದವಳನ್ನೂ 'ಏನ್ ಬಂತಂತೆ ಮಹಾರಾಣಿಗೆ' ಎಂದು ಕೇಳುವ ಜನ. ಅಂಥವರ ನಡುವೆ ನನ್ನ ಅವ್ವ ಸುಮಾರು ಎರಡು ವರ್ಷ ಎಲ್ಲರ ಕಣ್ಣೆದುರಿಗೇ ತನ್ನ ಬುದ್ಧಿಯ ಹಿಡಿತ ಕಳೆದುಕೊಳ್ಳುತ್ತ ಬಂದಳು. ಅಷ್ಟೂ ಕಾಲ ಅವಳಿಗೆ ಸಿಕ್ಕಿದ್ದು ಬರೀ ಹೊಗಳಿಕೆ. ಅದನ್ನು ನೆನೆದರೆ ಈ ವಯಸ್ಸಿನಲ್ಲೂ ನನಗೆ ಮೈಯುರಿಯುತ್ತದೆ.

ಕೊಡಗು ಇನ್ನೂ ತನ್ನದೇ ಒಂದು ಪುಟ್ಟ ರಾಜ್ಯವಾಗಿದ್ದ ಕಾಲ. ಸೋಮವಾರಪೇಟೆಯಿಂದ ಆಚೆ, ಶನಿವಾರಸಂತೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಹತ್ತೆಕರೆ ಕಾಫಿ, ಕೆಳಗೆ ಗದ್ದೆ, ಮನೆಯ ಮುಂದೆ ಸಗಣಿ ಬಳಿದ ದೊಡ್ಡ ಕಣ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಎರಡು ಹೊತ್ತು ಪೂಜೆ. ಮರ್ಯಾದಸ್ಥರು ಎಂದು ಊರು ಹೇಳುತ್ತಿತ್ತು, ನಾವೂ ನಂಬಿಕೊಂಡಿದ್ದೆವು. ಮನೆಯಲ್ಲಿದ್ದವರು ಅಜ್ಜಿ, ಅವಳ ಹಿರಿಮಗನಾದ ನನ್ನ ದೊಡ್ಡಪ್ಪ, ದೊಡ್ಡಪ್ಪನ ಒಬ್ಬಳೇ ಮಗಳು, ಅವ್ವ ಮತ್ತು ನಾನು. ದೊಡ್ಡಪ್ಪನ ಮಗಳು ನನಗಿಂತ ಐದು ವರ್ಷ ದೊಡ್ಡವಳು, ಅಕ್ಕ ಎನ್ನುತ್ತಿದ್ದೆ. ದೊಡ್ಡಮ್ಮ ಬೇಗ ತೀರಿಕೊಂಡಿದ್ದರಿಂದ ಅಕ್ಕನಿಗೆ ಉಣ್ಣಿಸಿ, ತಲೆ ಬಾಚಿ, ಬೆಳೆಸಿದ್ದು ನನ್ನ ಅವ್ವನೇ.

ಅಪ್ಪ ಚೆಟ್ಟಳ್ಳಿ ಕಡೆಯ ಒಂದು ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿದ್ದ. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ. ಹಣ್ಣು ಕೊಯ್ಯುವ ಪಿಕ್ಕಿಂಗ್ ಕಾಲದಲ್ಲಿ ಅವನು ಕೂಗಿದರೆ ಕೂಲಿಯವರ ಲೈನಿನ ಮನೆಗಳ ನಾಯಿಗಳು ಕೂಡ ಒಳಗೆ ಓಡುತ್ತಿದ್ದವಂತೆ. ಅದೇ ಮನುಷ್ಯ ಮನೆಗೆ ಬಂದರೆ ಅಣ್ಣನ ಎದುರು ಕೆಮ್ಮುವುದಕ್ಕೂ ಹಿತ್ತಿಲಿಗೆ ಹೋಗುತ್ತಿದ್ದ. ನನಗೆ ಅಪ್ಪನ ಮೇಲೆ ಸಿಟ್ಟಿರಲಿಲ್ಲ. ಸಿಟ್ಟು ಬರಲು ಎದುರಿಗೆ ಯಾರಾದರೂ ಇರಬೇಕಲ್ಲ.

ನನಗೆ ಹನ್ನೆರಡು ತುಂಬಿದ ವರ್ಷ ತಮ್ಮ ಹುಟ್ಟಿದ. ಎಂಟನೇ ತಿಂಗಳಿಗೆ ಜ್ವರ ಬಂದು ಹೋಗಿಬಿಟ್ಟ. ಅವ್ವ ಅಳಲಿಲ್ಲ. ಅವಳು ಅಳಲಿಲ್ಲ ಎಂಬುದನ್ನು ಅಜ್ಜಿ ಮಾತಾಡಿಸಲು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳಿದಳು. 'ಗಟ್ಟಿಗಿತ್ತಿ ಕಣ್ರವ್ವ ನಮ್ಮ ಸೊಸೆ. ಒಂದ್ ಹನಿ ನೀರ್ ಹಾಕ್ಲಿಲ್ಲ.' ಅದೇ ಹೊತ್ತಿಗೆ ಕೊಯ್ಲು ಶುರುವಾಗಿ ಕಣದ ತುಂಬ ಕಾಫಿ ಹಣ್ಣು ಹರಡಿದರು. ಹಣ್ಣು ಒಂದೇ ಸಮನೆ ಒಣಗಬೇಕಾದರೆ ಆಗಾಗ ತಿರುವಬೇಕು. ಎರಡು ಪಾದಗಳನ್ನೂ ಹಣ್ಣಿನೊಳಗೆ ಹುದುಗಿಸಿ, ಮೇಲೆತ್ತದೆ, ಎಳೆದುಕೊಂಡೇ ಈ ತುದಿಯಿಂದ ಆ ತುದಿಗೆ ನಡೆಯಬೇಕು. ಹಿಂದೆ ಎರಡು ಗೆರೆ ಬೀಳುತ್ತವೆ. ತಿರುಗಿ ಬರುವಾಗ ಪಕ್ಕದಲ್ಲಿ ಇನ್ನೆರಡು. ಇದಕ್ಕೆ ನಮ್ಮಲ್ಲಿ ಕಾಲಾಡಿಸುವುದು ಎನ್ನುತ್ತಿದ್ದರು. ದಿನಕ್ಕೆ ಐದಾರು ಸಲ ಮಾಡಿದರೆ ಧಾರಾಳ. ಅವ್ವ ಬೆಳಗಿನ ಇಬ್ಬನಿ ಆರಿದ ಮೇಲೆ ಕಣಕ್ಕೆ ಇಳಿದರೆ ಸಂಜೆ ಹಣ್ಣು ಗುಡ್ಡೆ ಹಾಕುವವರೆಗೂ ಹತ್ತುತ್ತಿರಲಿಲ್ಲ.

ಊಟಕ್ಕೆ ಕರೆದರೆ 'ಈ ಸಾಲ್ ಮುಗಿಸ್ಬುಟ್ಟು ಬತ್ತೀನಿ' ಎನ್ನುತ್ತಿದ್ದಳು. ಆ ಸಾಲು ಮುಗಿಯುತ್ತಿರಲಿಲ್ಲ. ಅಜ್ಜಿ ಜಗುಲಿಯಲ್ಲಿ ಎಲೆಯಡಿಕೆ ಹಾಕಿಕೊಂಡು ನೋಡುತ್ತ ಕೂರುತ್ತಿದ್ದಳು. ನೆರೆಮನೆಯ ಸೊಸೆಯರು ಬಂದರೆ ಅವರಿಗೆ ತೋರಿಸುತ್ತಿದ್ದಳು. 'ನೋಡ್ರೇ, ನೋಡಿ ಕಲೀರಿ. ಕೂಸು ಸತ್ತು ತಿಂಗ್ಳಾಗಿಲ್ಲ, ಹೆಂಗ್ ದುಡೀತಾವ್ಳೆ.' ಆ ಸೊಸೆಯರು ಮುಖ ಸಣ್ಣ ಮಾಡಿಕೊಂಡು ಹೋಗುತ್ತಿದ್ದರು. ಆ ವರ್ಷ ನಮ್ಮ ಕಾಫಿಯಷ್ಟು ಚೆನ್ನಾಗಿ ಒಣಗಿದ ಕಾಫಿ ಸುತ್ತಮುತ್ತ ಯಾರ ಮನೆಯಲ್ಲೂ ಇರಲಿಲ್ಲ ಎಂದು ದೊಡ್ಡಪ್ಪ ಮೀಸೆ ತಿರುವಿದ.

ಕಾಫಿ ಮೂಟೆಗೆ ಸೇರಿತು, ಲಾರಿ ಬಂದು ಒಯ್ದೂ ಆಯಿತು. ಮಾರನೆಯ ಬೆಳಿಗ್ಗೆ ನಾನು ಜಗುಲಿಯಲ್ಲಿ ಕೂತು ಮಗ್ಗಿ ಬರೆಯುತ್ತಿದ್ದೆ. ಅವ್ವ ಎಂದಿನಂತೆ ಸೀರೆ ಎತ್ತಿ ಸಿಕ್ಕಿಸಿ ಕಣಕ್ಕೆ ಇಳಿದಳು. ಕಣ ಖಾಲಿ ಇತ್ತು. ಅವಳು ಮೂಲೆಯಿಂದ ಶುರುಮಾಡಿ, ಅದೇ ಎಳೆಯುವ ಹೆಜ್ಜೆಯಲ್ಲಿ, ಬರಿ ನೆಲದ ಮೇಲೆ ಸಾಲು ಹಿಡಿದು ನಡೆಯತೊಡಗಿದಳು. ನಾನು ಬರೆಯುವುದನ್ನು ನಿಲ್ಲಿಸಿದೆ. ಅಜ್ಜಿಯ ಕಡೆ ನೋಡಿದೆ. ಅಜ್ಜಿಯ ಬಾಯಲ್ಲಿ ಎಲೆಯಡಿಕೆ ನಿಂತುಹೋಗಿತ್ತು.

ಆ ಒಂದು ಗಳಿಗೆ ಅಜ್ಜಿಗೆ ಎಲ್ಲ ಅರ್ಥವಾಗಿತ್ತು. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಅರ್ಥವಾಗದೆ ಮಾಡಿದ ತಪ್ಪನ್ನು ಕ್ಷಮಿಸಬಹುದು. ಆದರೆ ಅಜ್ಜಿ ಉಗುಳು ನುಂಗಿ, ಕೊಟ್ಟಿಗೆಯಲ್ಲಿದ್ದ ಆಳನ್ನು ಕರೆದು, 'ಆ ಹಳೇ ಸಿಪ್ಪೆ ಮೂಟೆ ಎರಡ್ ತಂದು ಕಣಕ್ಕೆ ಸುರಿ. ದಾರೀಲಿ ಹೋಗೋರು ಏನಂದ್ಕಂಡಾರು' ಎಂದಳು. ಗೊಬ್ಬರಕ್ಕೆಂದು ಇಟ್ಟಿದ್ದ ಕಾಫಿ ಸಿಪ್ಪೆ ಕಣಕ್ಕೆ ಬಂತು. ಅವ್ವ ಅದರೊಳಗೆ ಕಾಲು ಹುದುಗಿಸಿದಳು. ಈಗ ನೋಡುವವರಿಗೆ ಎಲ್ಲ ಸರಿಯಾಗಿತ್ತು. ಸೊಸೆಯ ತಲೆ ಸರಿಮಾಡುವುದಕ್ಕಿಂತ ಕಣ ಸರಿಮಾಡುವುದು ಸುಲಭ ಎಂದು ಕಂಡುಕೊಂಡ ಜಾಣೆ ನನ್ನ ಅಜ್ಜಿ. ಮಳೆಗಾಲ ಹಿಡಿದಾಗ ಅದೇ ಸಿಪ್ಪೆಯನ್ನು ಅಟ್ಟದ ಮೇಲೆ ಹರಡಿಸಿದಳು.

ಕೊನೆಗೆ ಸೋತದ್ದು ಅವ್ವನ ಪಾದಗಳು. ಬಿರುಕು ಬಿಟ್ಟು, ಕೀವಾಗಿ, ವಾಸನೆ ಬರತೊಡಗಿತು. ವಾಸನೆ ಪೂಜೆಯ ಕೋಣೆಯವರೆಗೆ ಬಂದ ಮೇಲೆ ದೊಡ್ಡಪ್ಪ ಅಪ್ಪನಿಗೆ ಹೇಳಿಕಳಿಸಿದ. ಅಪ್ಪ ಅವ್ವನನ್ನು ಮಡಿಕೇರಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಹಿಡಿದುಕೊಳ್ಳಲು ಇರಲಿ ಎಂದು ನನ್ನನ್ನೂ ಕರೆದೊಯ್ದ. ಡಾಕ್ಟರು ವಯಸ್ಸಾದವರು, ಸಿಡುಕು ಮನುಷ್ಯ. ಗಾಯ ತೊಳೆದು ಪಟ್ಟಿ ಕಟ್ಟುತ್ತ 'ಹೇಗಾಯ್ತು?' ಎಂದರು.

'ಕಾಫಿ ಕಾಲಾಡಿಸಿ' ಎಂದ ಅಪ್ಪ.

'ಎಷ್ಟು ದಿನದಿಂದ?'

'ಒಂದ್ ವರ್ಷ ಆಗ್ತಾ ಬಂತು ಸ್ವಾಮಿ. ಭಾಳ ಕೆಲ್ಸಗಾತಿ.'

ಡಾಕ್ಟರು ಕೈ ನಿಲ್ಲಿಸಿ ಅಪ್ಪನ ಮುಖ ನೋಡಿದರು. 'ನೀನು ರೈಟರ್ ಅಂದೆಯಲ್ಲ. ಯಾವ ತೋಟದಲ್ಲಯ್ಯ ವರ್ಷವಿಡೀ ಕಾಫಿ ಒಣಗಿಸ್ತಾರೆ?' ಎಂದರು. ಅಪ್ಪ ತನ್ನ ಚಪ್ಪಲಿ ನೋಡಿಕೊಂಡ. ಆಮೇಲೆ ಡಾಕ್ಟರು ಅವ್ವನನ್ನೇ ಕೇಳಿದರು, 'ಯಾಕಮ್ಮ ನಡೀತೀಯ?' ಅವ್ವ ಹೇಳಿದಳು, 'ನಿಂತ್ರೆ ಕೂಸು ಅಳೋದು ಕೇಳಿಸ್ತದೆ.' ಮನೆಯಲ್ಲಿ ಯಾರೂ ಕೇಳದಿದ್ದ ಪ್ರಶ್ನೆ ಅದು. ನಾನೂ ಕೇಳಿರಲಿಲ್ಲ.

ಇದು ಕಾಲಿನ ರೋಗವಲ್ಲ, ಮನಸ್ಸಿನದು, ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಇದಕ್ಕೆ ಚಿಕಿತ್ಸೆ ಇದೆ, ತಡ ಮಾಡಿದಷ್ಟೂ ಕಷ್ಟ ಎಂದು ಡಾಕ್ಟರು ಬಿಡಿಸಿ ಹೇಳಿ, ಒಂದು ಕಾಗದ ಬರೆದುಕೊಟ್ಟರು. ಬಸ್ಸಿನಲ್ಲಿ ಬರುವಾಗ ಅಪ್ಪ ಆ ಕಾಗದವನ್ನು ಮೂರು ಸಲ ಜೇಬಿನಿಂದ ತೆಗೆದು ನೋಡಿದ. ಅವನು ಅಣ್ಣನಿಗೆ ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ಅಭ್ಯಾಸ ಮಾಡುತ್ತಿದ್ದ ಎಂದು ನನಗೆ ಗೊತ್ತಾಯಿತು. ಅಭ್ಯಾಸದಿಂದ ಏನೂ ಪ್ರಯೋಜನವಾಗಲಿಲ್ಲ. ದೊಡ್ಡಪ್ಪ ಕಾಗದ ಓದಿ, ಮಡಿಸಿ, ವಿಭೂತಿ ಗಟ್ಟಿಗಳನ್ನಿಡುವ ಪೆಟ್ಟಿಗೆಯೊಳಗೆ ಹಾಕಿದ. 'ಬೆಂಗ್ಳೂರಿಗೆ ಅಂದ್ರೆ ಯಾವ ಆಸ್ಪತ್ರೆಗೆ ಅಂತ ಊರಿಗೆಲ್ಲ ಗೊತ್ತಾಯ್ತದೆ. ಆಮೇಲೆ ನನ್ನ ಮಗಳನ್ನ ಯಾರ್ ಕಟ್ಕಂಡಾರು? ಮದುವೆ ಒಂದ್ ಮುಗೀಲಿ.' ಅಪ್ಪ 'ಆಗ್ಲಿ ಅಣ್ಣ' ಎಂದು ಬೆಳಗಿನ ಬಸ್ಸಿಗೆ ಎಸ್ಟೇಟಿಗೆ ಹೋದ. ಅಕ್ಕನ ಮದುವೆ ಎಂಬುದು ಆಗ ಇನ್ನೂ ಯಾರ ಬಾಯಲ್ಲೂ ಬಂದಿರಲಿಲ್ಲ. ಗಂಡೇ ಗೊತ್ತಾಗಿರಲಿಲ್ಲ.

ದೊಡ್ಡಪ್ಪನ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಅವನು ಆಗ ಸುತ್ತಲಿನ ಊರುಗಳಲ್ಲೆಲ್ಲ ಭಾಷಣ ಮಾಡುತ್ತಿದ್ದ. ಕೊಡಗು ಹೀಗೇ ಬೇರೆಯಾಗಿ ಇರಬೇಕೋ ಮೈಸೂರಿಗೆ ಸೇರಬೇಕೋ ಎಂದು ಎಲ್ಲ ಕಡೆ ಜಗಳ ನಡೆಯುತ್ತಿದ್ದ ದಿನಗಳು. ದೊಡ್ಡಪ್ಪ ಸೇರಬೇಕೆನ್ನುವ ಕಡೆಯವನು. ಸಂತೆಯ ದಿನ ಒಂದು ಬೆಂಚಿನ ಮೇಲೆ ನಿಂತು, ಗಡಿ ಎನ್ನುವುದು ಯಾರೋ ಎಳೆದ ಗೆರೆ, ಆಚೆಗಿರುವವರೂ ನಮ್ಮ ರಕ್ತವೇ, ಕನ್ನಡ ತಾಯಿಯ ಮಕ್ಕಳೆಲ್ಲ ಒಂದೇ ಒಲೆಯ ಅನ್ನ ಉಣ್ಣಬೇಕು ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದ. ಜನ ಚಪ್ಪಾಳೆ ತಟ್ಟುತ್ತಿದ್ದರು. ಅವ್ವನ ತವರು ಗಡಿಯಾಚೆ, ಹಾಸನದ ಸೀಮೆ. ಮನೆಗೆ ಬಂದು, ಶಾಲು ಕೊಡವಿ, ಅಟ್ಟದ ಮೇಲಿನ ಹೆಜ್ಜೆ ಸದ್ದು ಕೇಳಿ ಅದೇ ದೊಡ್ಡಪ್ಪ ಹೇಳುತ್ತಿದ್ದ: 'ಮೈಸೂರ್ ಕಡೆ ಹೆಣ್ಣು ತರಬ್ಯಾಡಿ ಅಂತ ಅವತ್ತೇ ಬಡ್ಕಂಡೆ. ಅವರ ರಕ್ತನೇ ಸರಿ ಇಲ್ಲ.'

ಆ ರಕ್ತ ನನ್ನಲ್ಲೂ ಇತ್ತು. ಅಲ್ಲಿಯವರೆಗೆ ನಾನು ಈ ಮನೆಯ ಮಗಳು ಎಂದುಕೊಂಡಿದ್ದವಳು ಇದ್ದಕ್ಕಿದ್ದಂತೆ ಅರ್ಧ ಹೊರಗಿನವಳಾದೆ. ನನ್ನೊಳಗೆ ಯಾವ ಅರ್ಧ ಯಾವಾಗ ಎದ್ದು ನಡೆಯಲು ಶುರುಮಾಡುತ್ತದೋ ಎಂಬ ಭಯ ಹಿಡಿಯಿತು. ಒಂದು ದಿನ ಪಾಠ ಬಾಯಿಪಾಠ ಮಾಡುತ್ತ ಅಂಗಳದಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದೇನೆ ಎಂದು ಗೊತ್ತಾಗಿ ಅಲ್ಲೇ ಕೂತುಬಿಟ್ಟೆ. ಅಂದಿನಿಂದ ಕೂರುವುದನ್ನು ಕಲಿತೆ. ಒಂದು ಕಾಲಿನ ಹೆಬ್ಬೆರಳ ಮೇಲೆ ಇನ್ನೊಂದು ಕಾಲಿನ ಹಿಮ್ಮಡಿ ಒತ್ತಿಟ್ಟು, ಗಂಟೆಗಟ್ಟಲೆ ಅಲ್ಲಾಡದೆ ಕೂರುತ್ತಿದ್ದೆ. ಮೇಷ್ಟರು 'ಎಷ್ಟು ಗಂಭೀರ ಹುಡುಗಿ' ಎಂದು ಮೆಚ್ಚಿದರು. ನಮ್ಮ ಕಡೆಯ ಜನಕ್ಕೆ ಮೆಚ್ಚಲು ಒಂದು ರೋಗ ಬೇಕು, ಅಷ್ಟೇ.

ನಮ್ಮ ಊರಿನ ಶಾಲೆ ಎಂಟನೇ ಕ್ಲಾಸಿಗೆ ಮುಗಿಯುತ್ತಿತ್ತು. ನನಗೆ ಮಡಿಕೇರಿಯ ಹೈಸ್ಕೂಲಿಗೆ ಹೋಗಬೇಕಿತ್ತು. ಓದಬೇಕೆಂಬ ಆಸೆ ಎಷ್ಟಿತ್ತೋ, ಆ ಹೆಜ್ಜೆ ಸದ್ದು ಕೇಳಿಸದ ಕಡೆ ಇರಬೇಕೆಂಬ ಆಸೆಯೂ ಅಷ್ಟೇ ಇತ್ತು. ದೊಡ್ಡಪ್ಪ ಆಗಲಿ ಎಂದೂ ಅನ್ನುತ್ತಿರಲಿಲ್ಲ, ಬೇಡ ಎಂದೂ ಅನ್ನುತ್ತಿರಲಿಲ್ಲ. ಹಾಗೆ ತೂಗಾಡಿಸುವುದರಲ್ಲಿ ಅವನಿಗೆ ಸುಖವಿತ್ತು.

ಮುಂದಿನ ಕೊಯ್ಲಿನ ಕಾಲಕ್ಕೆ ಅಕ್ಕನಿಗೆ ಗಂಡು ಕುದುರಿತು. ಶನಿವಾರಸಂತೆಯ ಕಡೆಯ ಜನ, ನಮಗಿಂತ ಅನುಕೂಲಸ್ಥರು. ಹೆಣ್ಣು ನೋಡಲು ಬರುವ ದಿನ ಅವ್ವನನ್ನು ಅಟ್ಟಕ್ಕೆ ಹತ್ತಿಸಿ ಕೂಡಿಹಾಕುವುದೆಂದು ಅಜ್ಜಿ ಹೇಳಿದಳು. ಕೆಳಗೆ ಹಜಾರಕ್ಕೆ ಸದ್ದು ಕೇಳಿಸುತ್ತದೆ ಎಂದ ದೊಡ್ಡಪ್ಪ. ಕಣದಲ್ಲೇ ಇರಲಿ, ಹೇಗೂ ಕಾಫಿ ಹರಡಿದೆ, ಇನ್ನಿಬ್ಬರು ಆಳುಗಳನ್ನು ಜೊತೆಗೆ ಬಿಟ್ಟರೆ ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ತೀರ್ಮಾನವಾಯಿತು. ಬೀಗರು ಹುಡುಗಿಯ ಚಿಕ್ಕಮ್ಮನೆಲ್ಲಿ ಎಂದು ಕೇಳಿದರೆ ತವರಿಗೆ ಹೋಗಿದ್ದಾಳೆ ಎನ್ನಬೇಕು. ದೊಡ್ಡಪ್ಪ ನನ್ನನ್ನು ಕರೆದು, ಎಂದೂ ಇಲ್ಲದ ಅಕ್ಕರೆಯಿಂದ ತಲೆ ಸವರಿದ. 'ನೀನು ಜಾಣೆ. ಇವತ್ತೊಂದ್ ದಿನ ಮನೆ ಮಾನ ಉಳಿಸ್ಬುಡು. ಜೂನಿಗೆ ನಿನ್ನ ಮಡಿಕೇರಿಗೆ ಹಾಕ್ತೀನಿ.'

ಅವರು ಬಂದರು. ಉಪ್ಪಿಟ್ಟು, ಕಾಫಿ, ಅಕ್ಕನ ಹಾಡು, ಎಲ್ಲ ಆಯಿತು. ಅಕ್ಕನಿಗೆ ಆ ಹಾಡು ಕಲಿಸಿದ್ದು ಅವ್ವನೇ. ಗಂಡಿನ ತಾಯಿ ಕೈ ತೊಳೆಯಲು ಹೊರಗೆ ಬಂದಳು. ಚೊಂಬು ಹಿಡಿದು ನಾನು ನಿಂತಿದ್ದೆ. ಅವಳು ಕೈ ಒರೆಸಿಕೊಳ್ಳುತ್ತ ಕಣದ ಕಡೆ ನೋಡಿದಳು. ಅಲ್ಲಿ ಇಬ್ಬರು ಆಳುಗಳು ನೆರಳಿಗೆ ನಿಂತು ಹರಟುತ್ತಿದ್ದರು. ಮೂರನೆಯವಳು, ತಲೆಗೆ ಬಟ್ಟೆ ಸುತ್ತಿ, ಮಂಡಿಯವರೆಗೆ ಸೀರೆ ಎತ್ತಿ, ಅತ್ತಿತ್ತ ನೋಡದೆ ಸಾಲು ಹಿಡಿದು ನಡೆಯುತ್ತಿದ್ದಳು. ಬೆವರಿಗೆ ಹಣೆಯ ವಿಭೂತಿ ಪೂರ್ತಿ ಅಳಿಸಿಹೋಗಿತ್ತು.

'ಅಬ್ಬಾ, ಅದ್ಯಾರವ್ವ ಅಷ್ಟ್ ಚೆನ್ನಾಗಿ ಕೆಲ್ಸ ಮಾಡ್ತಾವ್ಳೆ?' ಎಂದಳು.

ಅವ್ವ ಆ ಹೊತ್ತಿಗೆ ಸರಿಯಾಗಿ ನಮ್ಮ ಕಡೆಯ ತುದಿಗೆ ಬಂದಿದ್ದಳು. ತಿರುಗಬೇಕಾದವಳು ತಿರುಗದೆ ನಿಂತಳು. ಎಷ್ಟೋ ತಿಂಗಳ ಮೇಲೆ ಅವಳು ತಾನಾಗಿ ನಿಂತಿದ್ದನ್ನು ಕಂಡೆ. ನನ್ನ ಮುಖವನ್ನೇ ನೋಡುತ್ತಿದ್ದಳು. ತವರಿಗೆ ಹೋಗಿದ್ದಾಳೆ ಎಂದು ಹೇಳಿಕೊಟ್ಟಿದ್ದ ಸುಳ್ಳಿಗೆ ಇಲ್ಲಿ ಜಾಗವಿರಲಿಲ್ಲ. 'ನಮ್ಮ ಅವ್ವ' ಎನ್ನಲು ಎರಡು ಮಾತು ಸಾಕಾಗಿತ್ತು. ನಾನು ಹೇಳಿದ್ದೂ ಎರಡೇ ಮಾತು.

'ಕಣದ ಆಳು' ಎಂದೆ.

'ಇಂಥ ಆಳು ಸಿಕ್ಕೋಕೂ ಪುಣ್ಯ ಮಾಡಿರ್ಬೇಕು' ಎಂದು ಗಂಡಿನ ತಾಯಿ ಒಳಗೆ ಹೋದಳು. ಅವ್ವ ಇನ್ನೂ ಒಂದು ಗಳಿಗೆ ನಿಂತಿದ್ದು, ತಲೆಯ ಬಟ್ಟೆ ಸರಿಮಾಡಿಕೊಂಡು, ಮುಂದಿನ ಸಾಲಿಗೆ ತಿರುಗಿದಳು. ಸಂಜೆ ದೊಡ್ಡಪ್ಪ ನನ್ನ ಜಾಣತನವನ್ನು ಮೂರು ಸಲ ಎಲ್ಲರಿಗೂ ಹೇಳಿ ನಕ್ಕ. ನಾನೂ ಹಲ್ಲು ಕಿರಿದೆ. ಇಷ್ಟು ಹೊತ್ತು ಮನೆಯವರನ್ನೆಲ್ಲ ಬೈದೆನಲ್ಲ, ಅವರ ಸಾಲಿನಲ್ಲಿ ನನ್ನ ಜಾಗ ಎಲ್ಲಿ ಎಂಬುದು ಈಗ ಗೊತ್ತಾಗಿರಬೇಕು. ಅವರು ಹೇಡಿಗಳು. ನಾನು ಕೂಲಿ ಪಡೆದ ಹೇಡಿ.

ಮಾರನೆಯ ದಿನ ಮಧ್ಯಾಹ್ನ ಅವ್ವ ಊಟಕ್ಕೆ ಅಡುಗೆಮನೆಗೆ ಬರಲಿಲ್ಲ. ನೋಡಿದರೆ, ಆಳುಗಳು ಊಟ ಮಾಡುವ ಹಲಸಿನ ಮರದ ಕೆಳಗೆ ತಟ್ಟೆ ಹಿಡಿದು ಕೂತಿದ್ದಳು. ಮಲಯಾಳಿ ಹೆಂಗಸೊಬ್ಬಳು ಗಾಬರಿಯಾಗಿ, 'ವೇಂಡಾ ಅಮ್ಮಾ, ಇಲ್ಲಿ ಬ್ಯಾಡ, ಸಾಹುಕಾರ್ರು ಬಯ್ತಾರೆ, ಒಳಗೆ ಹೋಗಿ' ಎಂದು ಕೈ ಮುಗಿಯುತ್ತಿದ್ದಳು. ಅವ್ವ ಸಮಾಧಾನದಿಂದ ಹೇಳಿದಳು: 'ನಾನೂ ಕಣದೋಳೇ ಕಣವ್ವ. ನನ್ನ ಮಗಳೇ ಹೇಳವ್ಳೆ.'

ಅಂದಿನಿಂದ ಅವಳು ಒಳಗೆ ಉಣ್ಣಲಿಲ್ಲ. ನನ್ನ ಪಕ್ಕದಲ್ಲಿ ಮಲಗುವುದನ್ನೂ ಬಿಟ್ಟು, ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಚಾಪೆ ಹಾಕಿಕೊಂಡಳು. ಅಜ್ಜಿ ಮೊದಲು ಎರಡು ದಿನ ಗೊಣಗಿದಳು, ಮೂರನೆಯ ದಿನ ಇದರಿಂದ ಅನುಕೂಲವೇ ಎಂದು ಗೊತ್ತಾಗಿ ಸುಮ್ಮನಾದಳು. ಮದುವೆಯ ದಿನ ಅವ್ವ ಆಳುಗಳ ಜೊತೆ ನೀರು ಹೊತ್ತಳು. ಅಕ್ಕ ಗಂಡನ ಮನೆಗೆ ಹೊರಡುವಾಗ ಎಲ್ಲ ಹಿರಿಯರ ಕಾಲಿಗೆ ಬಿದ್ದಳು, ದೂರದ ಚಿಕ್ಕಪ್ಪಂದಿರನ್ನೂ ಹುಡುಕಿ ಹುಡುಕಿ ಬಿದ್ದಳು. ತನ್ನನ್ನು ಸಾಕಿದವಳು ಬಾವಿಕಟ್ಟೆಯ ಹತ್ತಿರ ನಿಂತಿದ್ದನ್ನು ನೋಡಿಯೂ ಕಾರು ಹತ್ತಿದಳು. ಅಷ್ಟು ರೇಷ್ಮೆ ಉಟ್ಟ ಹೇಡಿಯನ್ನು ನಾನು ಮತ್ತೆ ಕಂಡಿಲ್ಲ. ಮದುವೆ ಮುಗಿದರೂ ಕಾಗದ ಪೆಟ್ಟಿಗೆಯಿಂದ ಹೊರಗೆ ಬರಲಿಲ್ಲ. ಈಗ ಬೀಗರಿಗೆ ತಿಳಿಯಬಾರದು ಎಂಬ ಕಾರಣ ಹುಟ್ಟಿತ್ತು.

ನನಗೆ ನನ್ನ ಕೂಲಿ ಸಿಕ್ಕಿತು. ಜೂನಿನಲ್ಲಿ ಮಡಿಕೇರಿಯ ಹಾಸ್ಟೆಲಿಗೆ ಸೇರಿದೆ. ಅಲ್ಲಿ ಕೊಡವ ಹುಡುಗಿಯರು, ಅರೆಭಾಷೆಯವರು, ಮಂಗಳೂರು ಕಡೆಯವರು, ಎಲ್ಲರೂ ತಂತಮ್ಮ ಮನೆಯ ಕಥೆ ಹೇಳುವವರೇ. ನಾನು ಹೆಬ್ಬೆರಳ ಮೇಲೆ ಹಿಮ್ಮಡಿ ಒತ್ತಿ ಕೂತು ಕೇಳುತ್ತಿದ್ದೆ. ಅವ್ವನ ಬಗ್ಗೆ ಕೇಳಿದರೆ 'ಮನೆಯಲ್ಲಿದ್ದಾರೆ' ಎಂದು ಮಾತು ಮುಗಿಸುತ್ತಿದ್ದೆ.

ದೀಪಾವಳಿ ಕಳೆದು ಕೆಲವು ದಿನವಾಗಿತ್ತು. ಶನಿವಾರ ಮಧ್ಯಾಹ್ನ ವಾರ್ಡನ್ ನನ್ನನ್ನು ಕರೆಸಿ, ಒಂದು ಬುಟ್ಟಿ ಕಿತ್ತಳೆ ತೋರಿಸಿದರು. 'ನಿಮ್ಮ ಮನೆ ಆಳು ತಂದುಕೊಟ್ಟು ಹೋದಳು. ಕೂತ್ಕೋ, ಕರೆಸ್ತೀನಿ ಅಂದೆ. ಬೇಡ, ಹುಡುಗಿಯರ ಮುಂದೆ ಅವರಿಗೆ ಕಷ್ಟ ಆಗ್ತದೆ ಅಂದಳು. ಪಾಪ, ಕಾಲೆಲ್ಲ ಗಾಯ.'

ಕಿತ್ತಳೆಗಳನ್ನು ಒಂದೊಂದಾಗಿ ಒರೆಸಿ, ಎಲೆಯಲ್ಲಿ ಸುತ್ತಿ ಜೋಡಿಸಿತ್ತು. ನಾನು ಬಸ್ ಸ್ಟ್ಯಾಂಡಿನ ಕಡೆ ಓಡಿದೆ. ನನ್ನ ಪಕ್ಕದಲ್ಲಿದ್ದ ಇಬ್ಬರು ಹುಡುಗಿಯರೂ ಒಂದೊಂದು ಹಣ್ಣು ಎತ್ತಿಕೊಂಡು ಜೊತೆಗೆ ಓಡಿಬಂದರು, ಏನಾಯಿತೆಂದು ಅವರಿಗೆ ಗೊತ್ತಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಸೋಮವಾರಪೇಟೆಯ ಬಸ್ಸಿನ ಪಕ್ಕ ಅವ್ವ ಇದ್ದಳು. ಕೂತಿರಲಿಲ್ಲ. ಬಸ್ಸಿನ ಮುಂದಿನ ಗಾಲಿಯಿಂದ ಹಿಂದಿನ ಗಾಲಿಯವರೆಗೆ, ಮತ್ತೆ ಅಲ್ಲಿಂದ ಇಲ್ಲಿಗೆ, ನಡೆಯುತ್ತಿದ್ದಳು. ನಾನು 'ಅವ್ವ' ಎಂದು ಕೂಗಿದೆ, ಗಟ್ಟಿಯಾಗಿಯೇ ಕೂಗಿದೆ. ಅವಳು ನಿಂತು, ಮೊದಲು ನನ್ನ ಹಿಂದಿದ್ದ ಹುಡುಗಿಯರನ್ನು ನೋಡಿದಳು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ಸೆರಗು ಹೊದ್ದು, 'ನೀವ್ಯಾಕೆ ಬಿಸ್ಲಲ್ಲಿ ಬಂದ್ರಿ ಅಮ್ಮಾರೆ? ಹಣ್ಣು ತಿನ್ನಿ, ಸೀ ಅದಾವೆ' ಎಂದಳು. ಅವಳ ಕಣ್ಣಲ್ಲಿ ಮಂಕಿರಲಿಲ್ಲ. ಏನು ಮಾಡುತ್ತಿದ್ದೇನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನನ್ನ ಮರ್ಯಾದೆ ಕಾಪಾಡುತ್ತಿದ್ದಳು.

ಅವಳು ಬಸ್ಸು ಹತ್ತಿದಳು. ಬಸ್ಸು ಹೋಯಿತು. ಹುಡುಗಿಯರಲ್ಲಿ ಒಬ್ಬಳು 'ನೀನು ಅವರನ್ನ ಅವ್ವ ಅಂತೀಯಾ? ಒಳ್ಳೆ ಮನೆ ನಿಮ್ಮದು' ಎಂದಳು. ಅಲ್ಲೇ, ಬಸ್ ಸ್ಟ್ಯಾಂಡಿನ ಧೂಳಿನಲ್ಲಿ ಕೂತು, ಎಂಟು ತಿಂಗಳ ತಮ್ಮ ಸತ್ತಾಗಲೂ ಬಾರದ ಅಳು ಅತ್ತೆ. ಆ ಹುಡುಗಿಗೆ ನಿಜ ಹೇಳಿದೆ. ಅವಳು ಏನೂ ಆಗದವಳಂತೆ 'ಹಾಗಾದ್ರೆ ಡಾಕ್ಟರ ಹತ್ರ ಹೋಗೋಣ' ಎಂದಳು. ಎರಡು ವರ್ಷ ನಮ್ಮ ಮನೆಯ ಐದು ಜನ ದೊಡ್ಡ ತಲೆ, ಸಣ್ಣ ತಲೆಗಳಿಗೆ ಹೊಳೆಯದಿದ್ದುದು ಕಿತ್ತಳೆ ಸುಲಿಯುತ್ತ ನಿಂತಿದ್ದ ಹುಡುಗಿಗೆ ಹೊಳೆಯಿತು.

ಡಾಕ್ಟರಿಗೆ ನೆನಪಿತ್ತು. 'ಇನ್ನೂ ಕಳಿಸಿಲ್ಲವೇ?' ಎಂದು ಮೇಜು ಗುದ್ದಿ, ಮತ್ತೊಂದು ಕಾಗದ ಬರೆದುಕೊಟ್ಟರು. ಅದನ್ನು ನಾನು ಮನೆಗೆ ಕಳಿಸಲಿಲ್ಲ. ಹಾಸನದ ಸೀಮೆಯಲ್ಲಿದ್ದ ಸೋದರಮಾವನಿಗೆ, ನಡೆದಿದ್ದೆಲ್ಲ ಬರೆದು, ಜೊತೆಗಿಟ್ಟು ಕಳಿಸಿದೆ. ಎರಡು ವರ್ಷದಿಂದ ಅವನು ಗೌರಿಹಬ್ಬಕ್ಕೆ ತಂಗಿಯನ್ನು ಕರೆಯಲು ಬಂದಾಗೆಲ್ಲ, ಅವಳು ಕೆಲಸ ಬಿಟ್ಟು ಬರಲು ಒಪ್ಪುವುದಿಲ್ಲ ಎಂದು ಹೇಳಿ ಬಾಗಿಲಿನಿಂದಲೇ ಕಳಿಸಿದ್ದರು. ಮಾವ ಕಾಗದ ಸಿಕ್ಕಿದ ಮಾರನೆಯ ದಿನವೇ ಮಡಿಕೇರಿಗೆ ಬಂದು, ನನ್ನನ್ನೂ ಕರೆದುಕೊಂಡು ಮನೆಗೆ ಹೋದ. ಗಡಿ ಎನ್ನುವುದು ಬರೀ ಗೆರೆ ಎಂದು ನಿಜವಾಗಿ ನಂಬಿದ್ದವನು ಅವನೊಬ್ಬನೇ. ದೊಡ್ಡಪ್ಪ ಮನೆಯ ಮಾನದ ಮಾತೆತ್ತಿದ. ಅಜ್ಜಿ ಎದೆ ಬಡಿದುಕೊಂಡಳು. ಆ ವಾರ ಮನೆಯಲ್ಲೇ ಇದ್ದ ಅಪ್ಪ ಬಸ್ಸಿನವರೆಗೆ ಬಂದು, ಅವ್ವನ ಗಂಟನ್ನು ಸೀಟಿನ ಕೆಳಗೆ ತಳ್ಳಿ, ಏನೋ ಹೇಳಲು ಬಾಯಿ ತೆರೆದು, 'ಕೊಡೆ ಇಟ್ಕಳ್ಳಿ' ಎಂದ. ಅಪ್ಪನ ಇಡೀ ಜೀವಮಾನದ ದೊಡ್ಡ ಮಾತು ಅದು.

ಬೆಂಗಳೂರಿಗೆ ನಾನೂ ಹೋದೆ. ದಾರಿಯುದ್ದಕ್ಕೂ ಅವ್ವ ಕಾಲುಗಳನ್ನು ಬಸ್ಸಿನ ನೆಲದ ಮೇಲೆ ಹಿಂದೆ ಮುಂದೆ ಎಳೆಯುತ್ತಿದ್ದಳು. ನಾನು ನನ್ನ ಹೆಬ್ಬೆರಳ ಮೇಲೆ ಹಿಮ್ಮಡಿ ಒತ್ತಿದ್ದೆ. ಆಸ್ಪತ್ರೆ ಮರಗಳ ನಡುವೆ ಇತ್ತು, ಹೆದರಿದಷ್ಟು ಹೆದರುವಂಥದ್ದೇನೂ ಇರಲಿಲ್ಲ. ಮಾವ ಹೊರಗೆ ಚೀಟಿ ಮಾಡಿಸಲು ನಿಂತಿದ್ದ. ಒಳಗೆ ಒಬ್ಬ ನರ್ಸಮ್ಮ ಅವ್ವನ ಪಾದ ನೋಡಿದರು, ಹೆಸರು, ಊರು ಕೇಳಿದರು. ಅವ್ವ ಎಲ್ಲಕ್ಕೂ ಸರಿಯಾಗಿಯೇ ಉತ್ತರ ಹೇಳಿದಳು.

'ಈ ಹುಡುಗಿ ಯಾರಮ್ಮ ನಿಮಗೆ?' ಎಂದು ನರ್ಸಮ್ಮ ನನ್ನ ಕಡೆ ಕೈ ತೋರಿಸಿದರು.

ಕೋಣೆಯಲ್ಲಿ ಬೇರೆ ಯಾರಿದ್ದಾರೆ ಎಂದು ಅವ್ವ ಸುತ್ತ ನೋಡಿದಳು. ಆಮೇಲೆ ನನ್ನ ಕಡೆ ಬಾಗಿ, ಅವರಿಗೆ ಕೇಳದ ಹಾಗೆ, ಮೆಲ್ಲಗೆ ಕೇಳಿದಳು:

'ಹೇಳ್ಲಾ?'